ಬೆಲ್ಲವಿಲ್ಲದ ತಿಳಗುಳ

ಸಕ್ಕರೆ ಡಬ್ಬಿಗೆ ಬೀಗ ಜಡಿದು, ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡು ಕಚೇರಿಗೆ ಹೋಗುವ ಗುಮಾಸ್ತರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನಮ್ಮ ಕಾಕಾ! ತೊಂಬತ್ತರ ದಶಕದಲ್ಲಿ ಸೋಲಾಪುರದ ನಮ್ಮ ಗಲ್ಲಿಯ ಚಹಾದಂಗಡಿಯವನು ಅವರನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದ.

ಮೊದಲೇನೂ ಹೀಗಿರಲಿಲ್ಲ. ಹೋಳಿಗೆಯ ಮೇಲೂ ಸಕ್ಕರೆ ಉದುರಿಸಿಕೊಂಡು ತಿನ್ನುತ್ತಿದ್ದ ಆಸಾಮಿ. ಆದರೆ ಅವರ ಪುಟ್ಟ ಮಗಳಿಗೆ ಫಿಟ್ಸ್ ಶುರುವಾಗಿ, ಯಾವ ಔಷಧಕ್ಕೂ ಬಗ್ಗದಾಗ, ದೊಡ್ಡ ಡಾಕ್ಟರೊಬ್ಬರು ವಿಚಿತ್ರ ಪಥ್ಯ ಹೇಳಿದರು. ಬೆಣ್ಣೆ, ತುಪ್ಪ, ಕೆನೆಯೇ ಊಟ; ಸಿಹಿ, ಅನ್ನ, ರೊಟ್ಟಿ ಬಂದ್. ಸಕ್ಕರೆ ಸಿಗದಿದ್ದರೆ ಮೈ ಕೊಬ್ಬನ್ನು ಕರಗಿಸಿ ಮೆದುಳಿಗೆ ಉಣಿಸುತ್ತದಂತೆ, ಆ ಊಟಕ್ಕೆ ಮೆದುಳು ತಣ್ಣಗಿರುತ್ತದಂತೆ. ನಡುವೆ ಒಂದು ಪೇಢೆ ತಿಂದರೂ ಎಲ್ಲ ಕೆಟ್ಟಿತು!

ಇಷ್ಟು ತಿಳಿದದ್ದೇ ತಡ, ಕಾಕಾ ಊರಿಗೆಲ್ಲ ಪಾಠ ಹೇಳತೊಡಗಿದರು.

"ಮೆದುಳಂದ್ರ ದೀಪ ಇದ್ದಾಂಗ ನೋಡ್ರಿ. ಸಕ್ಕರಿ ಅಂದ್ರ ಚಿಮಣಿ ಎಣ್ಣಿ, ಭಗ್ ಅಂತದ. ತುಪ್ಪದ ದೀಪ ಶಾಂತ ಉರೀತದ."

ಇದನ್ನು ಬಸ್ಸಿನ ಕಂಡಕ್ಟರನಿಗೆ ಹೇಳಿದ್ದು. ಪಾಪ, ಅವನು ತಿಕೀಟು ಕೇಳಿದ್ದ ಅಷ್ಟೆ.

ಮಗಳೊಬ್ಬಳೇ ಯಾಕೆ ಬಾಯಿ ಕಟ್ಟಬೇಕೆಂದು ತಾವೂ ಅದೇ ಪಥ್ಯ ಹಿಡಿದರು. ಅಕ್ಕಲಕೋಟೆಯ ಮದುವೆಯೊಂದರಲ್ಲಿ ಜಿಲೇಬಿ ಬಂದಾಗ, ಎಲೆಯ ಮೇಲೆ ಅಡ್ಡ ಮಲಗುವುದೊಂದು ಬಾಕಿ! ಕೋಟಿನ ಜೇಬಿನಿಂದ ಬೆಣ್ಣೆಯ ಡಬ್ಬಿ ತೆಗೆಯಹೋದರೆ, ಬಿಸಿಲಿಗೆ ಅದು ಕರಗಿ ಪ್ಯಾಂಟಿನ ತನಕ ಇಳಿದಿತ್ತು. ಬಸ್‌ಸ್ಟ್ಯಾಂಡಿನವರೆಗೆ ಊರ ನಾಯಿಗಳು ಬೀಳ್ಕೊಡಲು ಬಂದವು.

ಬೆಣ್ಣೆಗೆ ಫಲವೂ ಇತ್ತೆನ್ನಿ. ದೀಪಾವಳಿಯಿಂದೀಚೆಗೆ ಹುಡುಗಿಗೆ ಫಿಟ್ಸ್ ಬಂದಿರಲಿಲ್ಲ. ಅಷ್ಟರಲ್ಲಿ ಸಂಕ್ರಾಂತಿ ಬಂತು. ನಮ್ಮ ಕಡೆ ಅಂದು ಮಕ್ಕಳು ಮನೆಮನೆಗೆ ಹೋಗಿ ತಿಳಗುಳ, ಅಂದರೆ ಎಳ್ಳುಬೆಲ್ಲದ ಉಂಡೆ, ಇಸಿದುಕೊಳ್ಳಬೇಕು. ಕೊಡುವವರು ಮರಾಠಿ ಬೆರೆಸಿ ಗೋಡ ಗೋಡ, ಎಂದರೆ ಸಿಹಿಸಿಹಿ, ಮಾತಾಡಿ ಎನ್ನಬೇಕು. ಹುಡುಗಿ ಹೊಸ ಫ್ರಾಕು ತೊಟ್ಟು ಹೊಸ್ತಿಲಲ್ಲಿ ನಿಂತಳು. ಅವಳ ತಾಯಿ, ನಮ್ಮ ಕಾಕು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಕಾ ಮಾತ್ರ ಆರಾಮವಾಗಿ ಹೋಗಿ ಬಾ ಎಂದುಬಿಟ್ಟರು! ತುಪ್ಪ ಇವರ ತಲೆಗೇ ಏರಿತೇ ಎಂದುಕೊಂಡೆ.

ಸಂಜೆ ಅವಳು ಚೀಲ ತುಂಬಿಸಿಕೊಂಡು ಬಂದಳು. ಒಂದಾದ ಮೇಲೊಂದು ನಾಲ್ಕು ಉಂಡೆ ಬಾಯಿಗಿಟ್ಟು, ಚಪ್ಪರಿಸಿ, ಅಪ್ಪನನ್ನೇ ನೋಡಿದಳು.

"ಅಪ್ಪಾ, ಎಲ್ಲಾರ ಮನಿ ತಿಳಗುಳನೂ ಒಂದ ರುಚಿ ಅದಾವ. ಬರೇ ಎಳ್ಳು, ಬೆಣ್ಣಿ. ನೀವ ಮಾಡೀರಿ ಹೌದಿಲ್ಲೋ?"

ಹೌದು. ಡಾಕ್ಟರನ್ನು ಕೇಳಿ, ಕಾಕುವಿಗೂ ಹೇಳದೆ ಕೈಯಾರೆ ಉಂಡೆ ಕಟ್ಟಿ, ಹಿಂದಿನ ದಿನವೇ ಮನೆಮನೆಗೆ ಮುಟ್ಟಿಸಿ, ಮಗಳು ಬಂದರೆ ಇದನ್ನೇ ಕೊಡಿರೆಂದು ಕೈಮುಗಿದು ಬಂದಿದ್ದರು ಪುಣ್ಯಾತ್ಮ. ಈಗ ಸಿಕ್ಕಿಬಿದ್ದ ಕಳ್ಳನಂತೆ ನೆಲ ನೋಡುತ್ತ ನಿಂತರು.

ಹುಡುಗಿ ಚೀಲಕ್ಕೆ ಕೈ ಹಾಕಿ ಒಂದು ಉಂಡೆ ತೆಗೆದು ಅವರ ಅಂಗೈಯಲ್ಲಿಟ್ಟಳು.

"ತಿಳಗುಳ ತಗೋರಿ ಅಪ್ಪಾ. ಗೋಡ ಗೋಡ ಮಾತಾಡ್ರಿ."

ಕಂಡಕ್ಟರನನ್ನೂ ಬಿಡದೆ ಪಾಠ ಹೇಳಿದ ಕಾಕಾ ಅಂದು ಆ ಉಂಡೆಯನ್ನು ಇಡಿಯಾಗಿ ಬಾಯಿಗಿಟ್ಟುಕೊಂಡು, ಮಗಳಂತೆಯೇ ಚಪ್ಪರಿಸಿದರು.