ಕಡಿದ ನಂತರವೂ ನಿಂತಿರುವ ಮರದ ಕುರಿತು

ನಗರಸಭಾ ಕಾರ್ಯಾಲಯ
ಸಂರಕ್ಷಣೆ ಮತ್ತು ಬಯಲು ಜಾಗ ವಿಭಾಗ
(ಎರಡನೇ ಮಹಡಿ, ಕಿಟಕಿ ಇಲ್ಲದ ಕೋಣೆ)

ಸಂಖ್ಯೆ: ಸಂಬಜಾ/ಹಳೇ ಮೈದಾನ/ಮರ-3/ಇಲ್ಲ
ದಿನಾಂಕ: ಸಹಿ ಬಿದ್ದ ದಿನವೆಂದು ಭಾವಿಸತಕ್ಕದ್ದು

ಸುತ್ತೋಲೆ

ವಿಷಯ: ನಗರದ ಸಂರಕ್ಷಣೆ ಮತ್ತು ಬಯಲು ಜಾಗ ನೀತಿಯ ಪರಾಮರ್ಶೆ. ತತ್ಸಂಬಂಧ, ಹಳೇ ಮೈದಾನದಲ್ಲಿ ಕಡಿಯಲಾದ ನಂತರವೂ ನಿಂತಿರುವ ಮರ ಸಂಖ್ಯೆ ಮೂರರ ಬಗ್ಗೆ ಸಿಬ್ಬಂದಿ ಹಾಗೂ ಸಾರ್ವಜನಿಕರು ಅನುಸರಿಸಬೇಕಾದ ನಡವಳಿಕೆ.

ಉಲ್ಲೇಖ:
1. ನೀತಿ ಪರಾಮರ್ಶೆ ಸಮಿತಿಯ ಹದಿನೇಳನೇ ಸಭೆಯ ನಡವಳಿ (ಮೊದಲ ಹದಿನಾರು ಸಭೆಗಳ ನಡವಳಿಯನ್ನು ಹುಡುಕಲಾಗುತ್ತಿದೆ).
2. ಈ ಕಛೇರಿಯ ತಿದ್ದುಪಡಿ ಸೂಚನೆ: "ಕೆಂಪು ಎಂಬುದನ್ನು ಬಿಳಿ ಎಂದು ಓದಿಕೊಳ್ಳತಕ್ಕದ್ದು."
3. ಸಹಾಯಕ ಎಂಜಿನಿಯರರು ನೀಡಿದ ಪೂರ್ಣತಾ ಪ್ರಮಾಣಪತ್ರ.
4. ಹಳೇ ಮೈದಾನದ ಮಾಲಿಯ ಹೇಳಿಕೆ.

ಪ್ರಸ್ತಾವನೆ

ನಗರದ ನಕ್ಷೆಯಲ್ಲಿ ಒಟ್ಟು ಹನ್ನೊಂದು ಬಯಲು ಜಾಗಗಳಿವೆ. ಇವುಗಳ ಪೈಕಿ ಹತ್ತರ ಮೇಲೆ ಈಗಾಗಲೇ ಕಟ್ಟಡಗಳು ಎದ್ದಿದ್ದು, ತನ್ಮೂಲಕ ಅವು ಮಳೆ, ಬಿಸಿಲು, ಧೂಳು ಹಾಗೂ ಸಾರ್ವಜನಿಕರಿಂದ ಸಂಪೂರ್ಣ ಸಂರಕ್ಷಿತವಾಗಿವೆ ಎಂದು ಸಮಿತಿಯು ಸಂತೋಷದಿಂದ ದಾಖಲಿಸಿದೆ. ಯಾವ ರಕ್ಷಣೆಯೂ ಇಲ್ಲದೆ ಆಕಾಶಕ್ಕೆ ಬಾಯಿ ತೆರೆದುಕೊಂಡು ಬಿದ್ದಿರುವುದು ಹನ್ನೊಂದನೆಯದಾದ ಹಳೇ ಮೈದಾನ ಮಾತ್ರ. ಅದರಲ್ಲಿ ಮೂರು ನೇರಳೆ ಮರಗಳಿದ್ದು, ನೀತಿಯ ಪ್ರಕಾರ ಮೂರನ್ನೂ ಉಳಿಸಲು ತೀರ್ಮಾನಿಸಲಾಗಿತ್ತು.

ಉಳಿಸಬೇಕಾದ ಮರಕ್ಕೆ ಬಿಳಿ ಅಂಕಿ, ಕಡಿಯಬೇಕಾದ ಮರಕ್ಕೆ ಕೆಂಪು ಅಂಕಿ ಬರೆಯುವುದು ಈ ವಿಭಾಗದ ಹಿಂದಿನಿಂದ ಬಂದ ಪದ್ಧತಿ. ಆದರೆ ಅಂಕಿ ಬರೆಯುವ ವೇಳೆಗೆ ದಾಸ್ತಾನಿನಲ್ಲಿದ್ದ ಬಿಳಿ ಬಣ್ಣವೆಲ್ಲ ಸಮಿತಿಯ ಸಭಾ ಕೋಣೆಯ ಗೋಡೆಗೆ ಬಳಿದು ಮುಗಿದಿತ್ತು. ಕೆಲಸ ನಿಲ್ಲಬಾರದೆಂಬ ಸದುದ್ದೇಶದಿಂದ ಮೂರೂ ಮರಗಳಿಗೆ ಕೆಂಪಿನಲ್ಲೇ ಅಂಕಿ ಹಾಕಿ, ಉಲ್ಲೇಖ ಎರಡರ ತಿದ್ದುಪಡಿಯನ್ನು ಹೊರಡಿಸಲಾಯಿತು. ಅದರ ಪ್ರತಿಗಳನ್ನು ಹದಿನಾಲ್ಕು ವಿಭಾಗಗಳಿಗೂ, ಗ್ರಂಥಾಲಯಕ್ಕೂ, ಪಶುವೈದ್ಯರಿಗೂ ಕಳುಹಿಸಲಾಯಿತು. ಮರ ಕಡಿಯುವ ಗುತ್ತಿಗೆದಾರರಿಗೆ ಮಾತ್ರ ಕಳುಹಿಸಲಿಲ್ಲ. ತಿದ್ದುಪಡಿಯು ಕಡಿಯಬಾರದ ಮರಗಳಿಗೆ ಸಂಬಂಧಿಸಿದ್ದು. ಕಡಿಯುವವರಿಗೂ ಕಡಿಯಬಾರದ ಮರಗಳಿಗೂ ಏನು ಸಂಬಂಧ ಎಂಬುದು ಅಂದಿನ ಅಭಿಪ್ರಾಯವಾಗಿತ್ತು. ಇಂದಿಗೂ ಆ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ.

ಹಳೇ ಮೈದಾನದ ಮಾಲಿಯು, ಅಲ್ಲಿ ಕೂರುವವರ ಬಾಯಲ್ಲಿ "ಮಾಲಿ ಮಾವ", ಇಪ್ಪತ್ತಾರು ವರ್ಷಗಳಿಂದ ಸದರಿ ಮೈದಾನದಲ್ಲಿ ಕೆಲಸ ಮಾಡಿಕೊಂಡಿರುತ್ತಾರೆ. ಕೆಲಸಕ್ಕೆ ಸೇರಿದ ವರ್ಷ ಈ ಮೂರು ಸಸಿಗಳನ್ನು ನೆಟ್ಟವರೂ ಅವರೇ. ಕೆಂಪು ಅಂಕಿ ಕಂಡ ದಿನದಿಂದ ಅವರಿಗೆ ಊಟ ಸೇರದಾಯಿತೆಂದು ತಿಳಿದುಬಂದಿದೆ. ಸದರಿಯವರು ಮೂರು ಸಲ ಕಛೇರಿಗೆ ಬಂದು, ಕೆಂಪು ಬಳಿದರೆ ಕಡಿಯುತ್ತಾರೆ ಎಂದು ಹೇಳಿರುತ್ತಾರೆ. ಮೂರು ಸಲವೂ ಅವರಿಗೆ ತಿದ್ದುಪಡಿಯನ್ನು ಗಟ್ಟಿಯಾಗಿ ಓದಿ ಹೇಳಿ ಕಳುಹಿಸಲಾಗಿದೆ.

ತರುವಾಯ ಬಿಳಿ ಬಣ್ಣ ಬಂದಿತು. ಮಾಲಿಯು ಖುದ್ದಾಗಿ ಬಂದು ಸಹಿ ಹಾಕಿ ಡಬ್ಬಿ ಒಯ್ಯತಕ್ಕದ್ದೆಂದು ಹೇಳಿ ಕಳುಹಿಸಲಾಯಿತು. ಅವರು ಬೆಳಿಗ್ಗೆ ಹತ್ತಕ್ಕೆ ಉಗ್ರಾಣದ ಮುಂದಿನ ಸಾಲಿನಲ್ಲಿ ನಿಂತರು. ಉಗ್ರಾಣದ ಗುಮಾಸ್ತರು ಚಹಾ ಮುಗಿಸಿ ಬಂದಾಗ ಹನ್ನೆರಡೂವರೆ. ಗುತ್ತಿಗೆದಾರರ ಆಳುಗಳು ಹತ್ತೂವರೆಗೇ ಮೈದಾನಕ್ಕೆ ಬಂದಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ಅನಂತರ ಯಾರೋ ಉಗ್ರಾಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದು, ಅಕ್ಷರ ದುಂಡಗಿರುವುದರಿಂದ ಅದು ನಮ್ಮ ಸಿಬ್ಬಂದಿಯದಲ್ಲವೆಂದು ನಿರ್ಧರಿಸಲಾಗಿದೆ.

ಮಾಲಿಯು ಡಬ್ಬಿ ಹಿಡಿದು ಮೈದಾನಕ್ಕೆ ಮರಳಿದಾಗ ಒಂದನೇ ಮರವೂ ಎರಡನೇ ಮರವೂ ನೆಲದ ಮೇಲಿದ್ದವು. ಮೂರನೆಯದರಲ್ಲಿ ಗರಗಸ ನಾಲ್ಕು ಬೆರಳು ಇಳಿದಿತ್ತು. ಅವರು ಗೇಟಿನ ಬೀಗದ ಕೈಯಿಂದ ಡಬ್ಬಿಯ ಮುಚ್ಚಳ ಎಬ್ಬಿಸಿ, ಕುಂಚ ಇಲ್ಲದ್ದರಿಂದ ಬೆರಳನ್ನೇ ಅದ್ದಿ, ಕೆಂಪು ಮೂರರ ಮೇಲೆ ಬಿಳಿ ಮೂರನ್ನು ಬರೆದರು. ಕಡಿಯುವವರ ಮೇಸ್ತ್ರಿಯು ನಿಯಮ ಬಲ್ಲವರು. ಬಿಳಿ ಕಂಡೊಡನೆ ಗರಗಸ ನಿಲ್ಲಿಸಿ ಆಳುಗಳನ್ನು ಕರೆದುಕೊಂಡು ಹೋದರು. ಈ ಇಡೀ ಪ್ರಕರಣದಲ್ಲಿ ಅಂಕಿಯ ಬಣ್ಣ ನೋಡಿ ಕೆಲಸ ಮಾಡಿದವರು ಅವರೊಬ್ಬರೇ.

ಆದರೆ ಕೆಲಸದ ವಿಳಂಬ ತಪ್ಪಿಸಲು ಪ್ರಮಾಣಪತ್ರವನ್ನು ಕೆಲಸಕ್ಕೆ ಮೊದಲೇ ಬರೆದಿಡುವ ರೂಢಿಯಂತೆ, ಸಹಾಯಕ ಎಂಜಿನಿಯರರು ಅಂದು ಬೆಳಿಗ್ಗೆಯೇ "ಸ್ಥಳ ಪರಿಶೀಲಿಸಲಾಗಿದೆ, ಮೂರೂ ಮರಗಳು ಕಡಿಯಲ್ಪಟ್ಟಿವೆ, ನೆಲ ಸಮತಟ್ಟಾಗಿದೆ" ಎಂದು ಸಹಿ ಮಾಡಿದ್ದರು. ಮೂರೂ ಮರಗಳನ್ನು ಉಳಿಸಬೇಕಿತ್ತೆಂಬುದು ಅವರಿಗೂ ಗೊತ್ತಿರಲಿಲ್ಲ. ತಿದ್ದುಪಡಿಯ ಪ್ರತಿ ಅವರ ಮೇಜಿನ ಮೇಲೆ ಚಹಾದ ಲೋಟದ ಕೆಳಗೆ ಇತ್ತು. ಪ್ರಮಾಣಪತ್ರವು ವಹಿಗೆ ಏರಿದೆ. ವಹಿಯಲ್ಲಿ ಬರೆದದ್ದನ್ನು ಕಾಟು ಹಾಕಿ ಅಳಿಸುವಂತಿಲ್ಲ. ಆದ್ದರಿಂದ ಮರ ಸಂಖ್ಯೆ ಮೂರು ಇರುವುದಿಲ್ಲ.

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನದೆ, ವಾಸ್ತವವನ್ನು ದಾಖಲೆಗೆ ಸರಿಹೊಂದಿಸುವುದೇ ಸುಲಭದ ದಾರಿಯೆಂದು ಸಮಿತಿಯು ಭಾವಿಸಿ, ಮೂರನೇ ಮರವನ್ನೂ ಕಡಿಸಲು ಮುಂದಾಯಿತು. ಅದಕ್ಕೆ ಮೊದಲು, ಸರ್ಕಾರಿ ಬಣ್ಣವನ್ನು ಬೆರಳಿನಿಂದ ಬಳಸಿದ್ದಕ್ಕಾಗಿ ಮಾಲಿಯನ್ನು ಕರೆಸಿ ಸಮಜಾಯಿಷಿ ಕೇಳಲಾಯಿತು. ಅವರ ಹೇಳಿಕೆ ಅವರ ಮಾತಿನಲ್ಲೇ ಹೀಗಿದೆ:

"ಬಣ್ಣ ತಗೊಂಡು ಹೋಗೋಕೆ ನೀವೇ ಕರೆಸಿದ್ರಿ ಸ್ವಾಮಿ. ಇಲ್ಲಿ ನಾನು ಸಾಲಲ್ಲಿ ನಿಂತಿದ್ದೆ, ಅಲ್ಲಿ ಎರಡು ಹೋದವು. ನಿಂತಿದ್ದೇ ನನ್ನ ತಪ್ಪು, ಅದನ್ನ ಬರ್ಕೊಳ್ಳಿ. ಇಪ್ಪತ್ತಾರು ವರ್ಷ ನೀರು ಹಾಕಿದ್ದೀನಿ, ಎರಡೂವರೆ ಗಂಟೇಲಿ ಹೋಯ್ತು. ಅದಕ್ಕೆ ನಾನು ಏನಂತ ಬರೆದುಕೊಡ್ಲಿ? ಈಗ ಮೂರನೇದರ ಮಾತು. ಅದನ್ನ ಕಡಿದಾಯ್ತು ಅಂತ ನಿಮ್ಮ ಪುಸ್ತಕದಲ್ಲಿದೆ. ಕಡಿದಾಗಿರೋ ಮರಾನ ಇನ್ನೊಂದು ಸಲ ಕಡೀರಿ ಅಂತ ನಿಮ್ಮಲ್ಲಿ ಯಾರು ಸಹಿ ಹಾಕ್ತೀರಿ, ಹೇಳಿ. ಕೊಡಲಿ ನಾನೇ ತಂದುಕೊಡ್ತೀನಿ."

ಈ ಹೇಳಿಕೆಯ ನಂತರ ಕಡತವು ಮೇಜಿನ ಸುತ್ತ ಎರಡು ಸುತ್ತು ಬಂದಿತು. ಆಯುಕ್ತರು ಅದನ್ನು ಉಪ ಆಯುಕ್ತರ ಕಡೆಗೂ, ಉಪ ಆಯುಕ್ತರು ಸಹಾಯಕ ಎಂಜಿನಿಯರರ ಕಡೆಗೂ ಸರಿಸಿದರು. ಸಹಾಯಕ ಎಂಜಿನಿಯರರಿಗೆ ತಮ್ಮ ಪೆನ್ನು ಸಿಗಲಿಲ್ಲ. ಅದು ಅವರ ಜೇಬಿನಲ್ಲಿತ್ತು. ಮೂರನೇ ಮರವನ್ನು ಕಡಿಯಲು ಸಹಿ ಹಾಕುವುದೆಂದರೆ ಮೊದಲ ಸಹಿ ಸುಳ್ಳೆಂದು ಒಪ್ಪಿದಂತೆ. ಆದಕಾರಣ ಎಲ್ಲರ ಗೌರವವನ್ನೂ ಕಾಪಾಡುವ ದೃಷ್ಟಿಯಿಂದ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

ಸೂಚನೆಗಳು

1. ಮರ ಸಂಖ್ಯೆ ಮೂರು ಕಡಿಯಲ್ಪಟ್ಟಿದೆ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಅದು ನಿಂತಿರುವಂತೆ ಕಾಣುತ್ತಿರುವುದು ನೋಡುವವರ ವೈಯಕ್ತಿಕ ವಿಚಾರ.

2. ಇಲ್ಲದ ಮರಕ್ಕೆ ನೆರಳಿರುವುದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಆ ಸ್ಥಳದಲ್ಲಿ ಕಂಡುಬರುವುದನ್ನು "ಮೂಲ ತಿಳಿಯದ ತಂಪು" ಎಂದೇ ಕರೆಯತಕ್ಕದ್ದು. ಅಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹರಿದ ಬಟ್ಟೆ ಹೊಲಿಯುವ, ಹೊಲಿಗೆ ಅಕ್ಕ ಎಂದು ಕರೆಯಲ್ಪಡುವ ಮಹಿಳೆಯು ಸುಡು ಬಿಸಿಲಿನಲ್ಲಿ ಕೂತಿರುವುದಾಗಿ ಪರಿಗಣಿಸಲಾಗಿದ್ದು, ಕಡ್ಡಾಯವಾಗಿ ಕೊಡೆ ಹಿಡಿಯತಕ್ಕದ್ದು. ಬಟ್ಟೆಗೊಂದು, ಚಕ್ರಕ್ಕೊಂದು ಕೈ ಬೇಕು, ಕೊಡೆಗೆ ಮೂರನೇ ಕೈ ಎಲ್ಲಿಂದ ತರಲಿ ಎಂದು ಅವರು ಕೇಳಿರುವ ಪ್ರಶ್ನೆ ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ.

3. ಕೊಡೆ ಹಿಡಿಯಲಾಗದಿದ್ದಲ್ಲಿ ಅವರು ಮರ ಸಂಖ್ಯೆ ಒಂದು ಹಾಗೂ ಎರಡರ ನೆರಳಿಗೆ ಸ್ಥಳಾಂತರಗೊಳ್ಳಬಹುದು. ಉಲ್ಲೇಖ ಎರಡರ ತಿದ್ದುಪಡಿಯಂತೆ ಕೆಂಪನ್ನು ಬಿಳಿ ಎಂದು ಓದಿಕೊಂಡಾಗ ಅವೆರಡೂ ಸಂರಕ್ಷಿತ ಮರಗಳಾಗಿದ್ದು, ನೀತಿಯ ಅನುಬಂಧದಲ್ಲಿ ಇಂದಿಗೂ ಸೊಂಪಾಗಿ ನಿಂತಿವೆ. ಸದ್ಯ ಅಲ್ಲಿ ಜನಸಂದಣಿಯೂ ಇರುವುದಿಲ್ಲ. ಉಲ್ಲೇಖ ಮೂರರ ಪ್ರಮಾಣಪತ್ರವು ಇದಕ್ಕೆ ವಿರುದ್ಧವಾಗಿದೆ ಎಂದು ವಾದಿಸುವವರು ಎರಡೂ ಕಾಗದಗಳನ್ನು ಒಟ್ಟಿಗೆ ಓದತಕ್ಕದ್ದಲ್ಲ.

4. ಹಣ್ಣಿನ ಬಗ್ಗೆ: ಕಳೆದ ವಾರ ಸ್ಥಳಕ್ಕೆ ಭೇಟಿ ನೀಡಿ ಮರ ಇಲ್ಲವೆಂದು ಖಚಿತಪಡಿಸುತ್ತಿದ್ದ ಉಪ ಆಯುಕ್ತರ ಬಿಳಿ ಅಂಗಿಯ ಮೇಲೆ ಏಳು ನೇರಳೆ ಬಣ್ಣದ ಕಲೆಗಳು ಉಂಟಾಗಿವೆ. ದೂರು ಅರ್ಜಿಯಲ್ಲಿ "ಕಲೆಯ ಮೂಲ" ಎಂಬ ಅಂಕಣವನ್ನು ಖಾಲಿ ಬಿಡಲು ಅವರಿಗೆ ಸೂಚಿಸಲಾಗಿದೆ. ಸಿಬ್ಬಂದಿಯು ಬಿದ್ದ ಹಣ್ಣನ್ನು ತಿನ್ನಬಹುದು. ತಿಂದ ದಿನ ಮೇಲಧಿಕಾರಿಗಳ ಮುಂದೆ ನಾಲಿಗೆ ಹೊರಹಾಕತಕ್ಕದ್ದಲ್ಲ.

5. ಸದರಿ ಸ್ಥಳದಲ್ಲಿ ನೆಲದಿಂದ ಇಪ್ಪತ್ತು ಅಡಿ ಎತ್ತರದಲ್ಲಿ ಯಾವ ಆಧಾರವೂ ಇಲ್ಲದೆ ಎರಡು ಕಾಗೆ ಗೂಡುಗಳಿರುವುದು ಗಮನಕ್ಕೆ ಬಂದಿದೆ. ಇವು ನಕ್ಷೆ ಮಂಜೂರಾತಿ ಇಲ್ಲದ ನಿರ್ಮಾಣಗಳಾಗಿದ್ದು, ಕಾಗೆಗಳಿಗೆ ನೋಟಿಸು ನೀಡಲಾಗಿದೆ. ಒಂದು ಕಾಗೆಯು ನೋಟಿಸನ್ನು ಒಯ್ದು ಗೂಡಿಗೆ ಬಳಸಿಕೊಂಡಿರುವುದರಿಂದ, ಅದು ಜಾರಿಯಾಗಿದೆ ಎಂದು ಭಾವಿಸಲಾಗಿದೆ.

6. ಆ ಸ್ಥಳದಲ್ಲಿ ಸೈಕಲ್ಲು ಡಿಕ್ಕಿ ಹೊಡೆದು ಹಣೆ ಊದಿಸಿಕೊಂಡ ಅಂಚೆಯವರು, ತಾವು ಡಿಕ್ಕಿ ಹೊಡೆದದ್ದು ಏನೂ ಇಲ್ಲದ್ದಕ್ಕೆ ಎಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು. ಊತ ಇಳಿಯುವವರೆಗೆ ಟೋಪಿ ಧರಿಸತಕ್ಕದ್ದು.

7. ಮಾಲಿಯು ಇಲ್ಲದ ಮರಕ್ಕೆ ನೀರು ಹಾಕತಕ್ಕದ್ದಲ್ಲ. ಮರ ಇಲ್ಲದ ನೆಲಕ್ಕೆ ನೀರು ಹಾಕಲು ಅಡ್ಡಿಯಿಲ್ಲ. ಹಾಗೆ ಹಾಕಿದ ನೀರು ತಾನಾಗಿ ಕೆಳಗಿಳಿದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿಭಾಗವು ವಿಚಾರಿಸುವುದಿಲ್ಲ. ಸದರಿಯವರು ಗರಗಸದ ಗಾಯಕ್ಕೆ ಜೇಡಿಮಣ್ಣು ಮೆತ್ತಿ, ಗೋಣಿತಾಟು ಸುತ್ತಿ, ದಿನಕ್ಕೆರಡು ಸಲ ಅಂಗೈ ಇಟ್ಟು ನೋಡುತ್ತಿರುವುದಾಗಿ ವರದಿಯಾಗಿದೆ. ಮರವೇ ಇಲ್ಲವಾದ್ದರಿಂದ ಗಾಯವಿಲ್ಲ, ಗಾಯವಿಲ್ಲವಾದ್ದರಿಂದ ಚಿಕಿತ್ಸೆಯಿಲ್ಲ, ಚಿಕಿತ್ಸೆಯಿಲ್ಲವಾದ್ದರಿಂದ ಅವರ ಮೇಲೆ ಕ್ರಮವೂ ಇಲ್ಲ.

8. ಮೈದಾನಕ್ಕೆ ಬರುವವರು ಒಂದು ಮತ್ತು ಎರಡನೇ ಮರಗಳ ಬುಡದ ಬಳಿ ಬಂದಾಗ ದನಿ ತಗ್ಗಿಸಿ ಮಾತಾಡುತ್ತಿರುವುದು ಕಂಡುಬಂದಿದೆ. ಸೊಂಪಾಗಿ ನಿಂತಿರುವ ಮರಗಳ ಎದುರು ಸಾವಿನ ಮನೆಯವರಂತೆ ವರ್ತಿಸುವುದನ್ನು ನಿಷೇಧಿಸಲಾಗಿದೆ.

9. ಅತಿ ಮುಖ್ಯ: ಮರ ಸಂಖ್ಯೆ ಮೂರನ್ನು ಯಾರೂ, ಯಾವ ಕಾರಣಕ್ಕೂ ಕಡಿಯತಕ್ಕದ್ದಲ್ಲ, ಕೊಂಬೆ ಸವರತಕ್ಕದ್ದಲ್ಲ, ಕೊಡಲಿ ಹಿಡಿದು ಅದರ ಕಡೆ ನೋಡತಕ್ಕದ್ದೂ ಅಲ್ಲ. ಕಡಿದಾದ ಮರವನ್ನು ಕಡಿಯಲು ಯತ್ನಿಸುವುದು ಈ ಕಛೇರಿಯ ವಹಿಯನ್ನು ಸುಳ್ಳೆಂದು ಸಾರ್ವಜನಿಕವಾಗಿ ಸಾರಿದಂತಾಗುತ್ತದೆ. ಅಂಥವರ ಮೇಲೆ ಕಠಿಣ ಕ್ರಮ ಜರುಗಿಸಲಾಗುವುದು. ಇರುವ ಯಾವ ಮರಕ್ಕೂ ಈ ನಗರದಲ್ಲಿ ಇಷ್ಟು ಬಿಗಿ ರಕ್ಷಣೆ ಇಲ್ಲವೆಂಬುದನ್ನು ಸಮಿತಿಯು ನೀತಿಯ ಯಶಸ್ಸೆಂದು ಪರಿಗಣಿಸಿದೆ.

10. ಬಣ್ಣದ ದುರ್ಬಳಕೆಗಾಗಿ ಮಾಲಿಯನ್ನು ಬೇರೆ ಬಯಲು ಜಾಗಕ್ಕೆ ವರ್ಗಾಯಿಸಲು ಯೋಚಿಸಲಾಗಿತ್ತು. ಉಳಿದ ಹತ್ತರಲ್ಲಿ ಎಲ್ಲಿಯೂ ಒಂದು ಹಿಡಿ ಮಣ್ಣು ಇಲ್ಲದ ಕಾರಣ ಅದು ಸಾಧ್ಯವಾಗಿಲ್ಲ. ಆದ್ದರಿಂದ ಶಿಕ್ಷೆಯ ರೂಪದಲ್ಲಿ ಅವರನ್ನು ಕೆಲಸದ ಅವಧಿ ಮುಗಿಯುವವರೆಗೂ ಹಳೇ ಮೈದಾನದಲ್ಲೇ ಇರಿಸಲಾಗಿದೆ. ಪ್ರತಿದಿನ ಮರದ ಬಳಿಗೆ ಹೋಗಿ, ಸುತ್ತಲೂ ನೋಡಿ, ಮರ ಇಲ್ಲವೆಂದು ಲಿಖಿತ ವರದಿ ಸಲ್ಲಿಸುವುದು ಅವರ ಹೆಚ್ಚುವರಿ ಹೊಣೆ.

ಮೇಲಿನ ಸೂಚನೆಗಳು ಅರ್ಥವಾಗದವರು ಅರ್ಥವಾದವರಂತೆ ನಡೆದುಕೊಳ್ಳತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
ಆಯುಕ್ತರು
ಸಂರಕ್ಷಣೆ ಮತ್ತು ಬಯಲು ಜಾಗ ವಿಭಾಗ

ಕರಡು ಬರೆದವರು: ಹಿರಿಯ ಗುಮಾಸ್ತರು (ಮಧ್ಯಾಹ್ನದ ಬುತ್ತಿಯನ್ನು ಮೂಲ ತಿಳಿಯದ ತಂಪಿನಲ್ಲಿ ಬಿಚ್ಚುವವರು)
ಸಹಿಗೆ ಮುನ್ನ ಓದಿದವರು: ಯಾರೂ ಇಲ್ಲ

ಪ್ರತಿಗಳು:
1. ಹದಿನಾಲ್ಕು ವಿಭಾಗಗಳ ಮುಖ್ಯಸ್ಥರಿಗೆ, ಲೋಟದ ಕೆಳಗೆ ಇಡಲು.
2. ಗ್ರಂಥಾಲಯಕ್ಕೆ, ಕಥಾ ವಿಭಾಗದಲ್ಲಿ ಜೋಡಿಸಲು.
3. ಪಶುವೈದ್ಯರಿಗೆ, ಹಿಂದಿನಂತೆಯೇ.
4. ಗುತ್ತಿಗೆದಾರರಿಗೆ: ಈ ಸಲವೂ ಇಲ್ಲ. ಅವರ ಮೇಸ್ತ್ರಿಗೆ ಮಾತ್ರ, ವಂದನೆಗಳೊಂದಿಗೆ.
5. ಕಾಗೆಗಳಿಗೆ, ಎರಡನೇ ಗೂಡಿಗಾಗಿ.
6. ಮರ ಸಂಖ್ಯೆ ಒಂದು ಮತ್ತು ಎರಡಕ್ಕೆ: ಅಂಟಿಸಲು ಜಾಗ ಸಿಗದೆ ಪ್ರತಿಗಳು ಹಿಂದಿರುಗಿವೆ.
7. ಮರ ಸಂಖ್ಯೆ ಮೂರಕ್ಕೆ, ಕಾಂಡಕ್ಕೆ ಕಟ್ಟಲು. ಮೊಳೆ ಹೊಡೆಯಕೂಡದು.
8. ಹಳೇ ಮೈದಾನದ ಮಾಲಿಗೆ. ಅವರು ನಿನ್ನೆ ಸಲ್ಲಿಸಿದ "ಮರ ಇಲ್ಲ. ಗಾಯದ ಪಕ್ಕ ಚಿಗುರು ಬಂದಿದೆ" ಎಂಬ ವರದಿಯನ್ನು ಸ್ವೀಕರಿಸಿ ಕಡತಕ್ಕೆ ಸೇರಿಸಲಾಗಿದೆ.