ಮಾವನವರ ಲಾರಿಗೆ ಕಿಟಕಿ ಬೇಕಿತ್ತೇ?

ಹೆಣ್ಣು ಕೊಟ್ಟ ಮಾವನನ್ನು ಆಡಿಕೊಳ್ಳಬಾರದು, ನಿಜ. ಆದರೆ ಕಟ್ಟಿಗೆ ಚಕ್ಕೆ ಸಾಗಿಸುವ ಲಾರಿಗೆ ಕಿಟಕಿ ಇಡಿಸಿದ ಮಾವ ನಿಮಗಿದ್ದಿದ್ದರೆ ನೀವಾದರೂ ಬಾಯಿ ಮುಚ್ಚಿಕೊಂಡಿರುತ್ತಿದ್ದಿರಾ? ನಮ್ಮ ಮಾವನವರಿಗೆ ಈ ಲೋಕದಲ್ಲಿ ನಂಬಿಕೆ ಇರುವುದು ಗಾಳಿಯ ಮೇಲೆ ಮಾತ್ರ. ಮೂವತ್ತು ವರ್ಷ ತಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ಡು ನೋಡಿಕೊಂಡವರು. ಬಲೆಯ ಮೇಲೆ ಹರವಿದ ಹಸಿ ದ್ರಾಕ್ಷಿ ಬರೀ ಗಾಳಿಗೇ ಒಣಗುವುದನ್ನು ನೋಡಿ ನೋಡಿ, ಗಾಳಿ ಆಡಿದರೆ ಜಗತ್ತಿನ ಸಕಲ ಕಷ್ಟವೂ ಪರಿಹಾರ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ನಮ್ಮ ಮದುವೆಯ ಕಪಾಟಿಗೂ ಡ್ರಿಲ್ಲಿನಿಂದ ತೂತು ಹೊಡೆಸಿದ್ದಾರೆ. ಸೀರೆಗೆ ಉಸಿರು ಕಟ್ಟಬಾರದಂತೆ! ಸೀರೆಗಳ ವಿಷಯ ಗೊತ್ತಿಲ್ಲ, ಹಲ್ಲಿಗಳು ಮಾತ್ರ ಸುಖವಾಗಿವೆ.

ಶೆಡ್ಡಿನ ಕೆಲಸ ಬಿಟ್ಟ ಮೇಲೆ ಅವರು ಲಾರಿ ಕೊಂಡರು. ನಾನು ಓಡಿಸುತ್ತೇನೆ, ಅವರು ಪಕ್ಕದಲ್ಲಿ ಕೂತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತಿಳಿಸುತ್ತಾರೆ. ಇಟ್ಟಂಗಿಹಾಳದ ಹತ್ತಿರ ಯಂತ್ರವೊಂದು ಜಾಲಿ ಕಟ್ಟಿಗೆಯನ್ನು ಚಕ್ಕೆ ಚಕ್ಕೆ ಮಾಡುತ್ತದೆ. ಅದನ್ನು ತುಂಬಿಕೊಂಡು ಬಬಲೇಶ್ವರದ ಕಡೆಯ ಕಾರ್ಖಾನೆಯೊಂದರ ಬಾಯ್ಲರಿಗೆ ಸುರಿದು ಬರುವುದು ನಮ್ಮ ಕಸುಬು. ಲಾರಿಯ ಹಿಂಭಾಗ ಪೂರ್ತಿ ತಗಡಿನಿಂದ ಮುಚ್ಚಿದ್ದು. ಒಳಗಿನ ಧೂಳೆಲ್ಲ ಸಂದಿಯಿಂದ ಕ್ಯಾಬಿನ್ನಿಗೇ ನುಗ್ಗುತ್ತಿತ್ತು.

ಹೋದ ವರ್ಷ ನನಗೆ ಕೆಮ್ಮು ಹತ್ತಿತು. ಡಾಕ್ಟರು ಎದೆ ಪರೀಕ್ಷೆ ಮಾಡಿ, "ಧೂಳರೆ ಬಿಡ್ರಿ, ಇಲ್ಲಾ ಲಾರಿಯರೆ ಬಿಡ್ರಿ" ಎಂದರು. ಸ್ಟೇಷನ್ ರಸ್ತೆಯ ಅರಿವೆ ಅಂಗಡಿಗೆ ಕೆಲಸಕ್ಕೆ ಸೇರಿ ಎಂದು ಹೆಂಡತಿ ಹಟ ಹಿಡಿದಳು. ಸ್ಟಿಯರಿಂಗ್ ಹಿಡಿಯುವುದು ಬಿಟ್ಟರೆ ನನಗೆ ಬೇರೇನೂ ಬಾರದು. ಸೀರೆ ಮಡಚುವುದಂತೂ ಬಾರದೇ ಬಾರದು! ದೀಪಾವಳಿಯ ತನಕ ನೋಡೋಣ ಎಂದು ಅವಳ ಕೈಕಾಲು ಹಿಡಿದು ಅವಧಿ ಪಡೆದೆ.

ಮಾವನವರು ಇದನ್ನೆಲ್ಲ ಕೂತಲ್ಲಿಂದಲೇ ಕೇಳಿಸಿಕೊಂಡರು. ಮರುದಿನವೇ ಲಾರಿಯನ್ನು ಗ್ಯಾರೇಜಿಗೆ ಹೊಡೆಸಿದರು.

"ಯಾಕ್ರಿ ಮಾವಾರ?"

"ಚಕ್ಕಿ ಒಳಗ ಬೆಂದಂಗ ಆಗಾಕತ್ತಾವ. ಗಾಳಿ ಆಡಬೇಕು," ಎಂದರು.

ಎರಡೂ ಮಗ್ಗುಲಿಗೆ ಕಿಟಕಿ ಕೊಯ್ಸಿ, ದ್ರಾಕ್ಷಿ ಶೆಡ್ಡಿನ ಹಸಿರು ಬಲೆ ಬಿಗಿಸಿದರು. ಶೆಡ್ಡು ನಿಂತಲ್ಲೇ ನಿಂತಿರುತ್ತದೆ, ಲಾರಿ ಓಡುತ್ತದೆ ಎಂಬ ಸಣ್ಣ ವಿಷಯವನ್ನು ಮರೆತಿದ್ದರು! ಮೊದಲ ದಿನವೇ ಬಲೆ ಹರಿದು, ಹಿಂದೆ ಬರುತ್ತಿದ್ದ ಬೈಕಿನವನ ಮೇಲೆ ಚಕ್ಕೆಯ ಮಳೆಯಾಯಿತು. ಅವನು ನಮ್ಮನ್ನು ಅಡ್ಡಗಟ್ಟಿ, ತಲೆ ಕೊಡವುತ್ತ ಕೇಳಿದ: "ಅಕ್ಷತಿ ಹಾಕಾಕತ್ತೀರೇನ್ರಿ? ನಂದು ಲಗ್ನ ಆಗಿ ಎಂಟ ವರ್ಷಾತ್ರಿ!"

"ಹಂಗಾರ ಆಶೀರ್ವಾದ ಅಂತ ತಿಳ್ಕೋರಿ," ಎಂದು ಮಾವನವರು ಕೈ ಮುಗಿದರು.

ಬಲೆಯ ಜಾಗಕ್ಕೆ ಕಬ್ಬಿಣದ ಜಾಳಿಗೆ ಬಂತು. ಅಷ್ಟಕ್ಕೆ ಮುಗಿಯಿತೇ? ದ್ರಾಕ್ಷಿ ಶೆಡ್ಡನ್ನು ಗಾಳಿಗೆ ಅಡ್ಡಲಾಗಿ ಕಟ್ಟುತ್ತಾರಂತೆ. ಆದ್ದರಿಂದ ಲಾರಿಯೂ ಅಡ್ಡಲಾಗಿಯೇ ನಿಲ್ಲಬೇಕು! ಸ್ಟೇಷನ್ ರಸ್ತೆಯಲ್ಲಿ ಚಹಾಕ್ಕೆ ನಿಂತಾಗ ಒದ್ದೆ ಬೆರಳು ಎತ್ತಿ ಹಿಡಿದು, "ಅಡ್ಡ ಹಚ್ಚ್ರಿ" ಎಂದರು. ಮಾವನ ಮಾತು, ಹಚ್ಚಿದೆ. ಆಟೋಗಳೆಲ್ಲ ಬಾಯಿ ಮಾಡತೊಡಗಿದವು. ಪೊಲೀಸಪ್ಪ ಓಡಿ ಬಂದ.

"ಏನ್ರೀ ಯಜಮಾನ್ರ, ರಸ್ತೇಕ ಬಾಗಲಾ ಹಾಕೀರೇನ್ರಿ?"

"ಎರಡ ಮಿನಿಟ್ರಿ ಸಾಹೇಬ್ರ, ಮಾಲು ಉಸರಾಡಾಕತ್ತೈತಿ!"

ಪೊಲೀಸಪ್ಪ ನನ್ನ ಮುಖ ನೋಡಿದ. ಅದೇ ಹೊತ್ತಿಗೆ ನನಗೆ ಕೆಮ್ಮು ಒತ್ತರಿಸಿ ಬಂತು. ಪಾಪ ಅನ್ನಿಸಿರಬೇಕು, ದಂಡ ಹಾಕದೆ ಕಳಿಸಿದ.

ಕೊನೆಗೆ ಲಾರಿಯ ನೆತ್ತಿಯ ಮೇಲೆ ಗರಗರ ತಿರುಗುತ್ತ ಒಳಗಿನ ಗಾಳಿಯನ್ನು ಹೊರಗೆಳೆಯುವ ದುಂಡನೆಯ ಯಂತ್ರ ಕೂರಿಸಿದರು. ವಿಜಯಪುರದಲ್ಲಿ ಗುಮ್ಮಟಗಳಿಗೆ ಬರವಿಲ್ಲ. ಆದರೆ ತಾಸಿಗೆ ನಲವತ್ತು ಕಿಲೋಮೀಟರು ಓಡುವ ಗುಮ್ಮಟ ನಮ್ಮದೊಂದೇ!

ದೀಪಾವಳಿಗೆ ವಾರವಿತ್ತು. ಕಾರ್ಖಾನೆಯಲ್ಲಿ ದಿನವೂ ಮಾಲು ನೋಡುವಾತ ಅಂದೂ ಚಕ್ಕೆಯೊಳಗೆ ಮೊಣಕೈತನಕ ಕೈ ಇಳಿಸಿದ. ನಾನು ಲಾರಿಯ ಮರೆಯಲ್ಲಿ ಟೈರು ನೋಡುತ್ತಿದ್ದೆ.

"ಯಜಮಾನ್ರ, ಮೊದಲೂ ಇಷ್ಟ ಹಸಿ ಇದ್ವು, ಈಗೂ ಇಷ್ಟ ಹಸಿ ಅದಾವ. ತಾಸಿನ ದಾರಿಯಾಗ ಏನ್ ಒಣಗ್ತಾವ್ರಿ? ಖಾಲಿ ಖಟಪಟಿ. ತಗಸಿ ಒಗೀರಿ."

ಅವನ ಮಾತು ಸರಿಯೇ. ಇಷ್ಟು ದಿನ ನನ್ನ ಬಾಯಲ್ಲಿ ಸುಳಿದಾಡುತ್ತಿದ್ದುದೂ ಅದೇ ಮಾತು. ಇನ್ನು ಗಾಳಿಪುರಾಣ ಶುರುವಾಯಿತು ಎಂದುಕೊಂಡೆ. ಆದರೆ ಮಾವನವರು ದನಿ ತಗ್ಗಿಸಿದರು.

"ಚಕ್ಕಿ ಒಣಗೂದಿಲ್ಲ ಅನ್ನೂದು ನನಗೂ ಗೊತ್ತೈತ್ರಿ. ಮೊದಲ ಈ ದಾರಿಯಾಗ ನಮ್ಮ ಅಳಿಯಾರು ನಲವತ್ತ ಸಲ ಕೆಮ್ತಿದ್ರು. ಇವತ್ತ ಮೂರ ಸಲ. ತಗಸಂಗಿಲ್ರಿ."

ದಾರಿಯುದ್ದಕ್ಕೂ ಅವರು ಬೆರಳು ಮಡಚುತ್ತಿದ್ದುದನ್ನು ನಾನು ಜಪ ಎಂದುಕೊಂಡಿದ್ದೆ, ಪೆದ್ದ! ನನ್ನ ಕೆಮ್ಮನ್ನು ನಾನೇ ಎಣಿಸಿರಲಿಲ್ಲ. ಆಡಿಕೊಂಡಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು. ಇಂಥ ಮಾವ ಸಿಕ್ಕಿದ್ದಕ್ಕೆ ಯಾರಿಗೆ ಕೈ ಮುಗಿಯಲಿ ಎಂದು ತಿಳಿಯಲಿಲ್ಲ. ಅವರಿಗೇ ಹೇಳಿಬಿಡೋಣವೆಂದು ಮರೆಯಿಂದ ಹೊರಬಂದೆ. ಬಾಯಿ ತೆರೆಯುವಷ್ಟರಲ್ಲಿ ಗಂಟಲಲ್ಲಿ ಧೂಳು ಕೆರೆಯಿತು. ಒಂದು ಸಲ ಕೆಮ್ಮಿದ್ದರೆ ಸರಿಹೋಗುತ್ತಿತ್ತು. ಕೆಮ್ಮಲಿಲ್ಲ. ಇವತ್ತಿನ ಎಣಿಕೆ ಮೂರಕ್ಕೇ ನಿಲ್ಲಲಿ ಎಂದು ಹಲ್ಲು ಕಚ್ಚಿ ನುಂಗಿಕೊಂಡೆ.