ಅರವತ್ತು ಮುಖಗಳಿಗೆ ಒಂದೇ ಸಾಲು

ಫೋಟೋ ತೆಗೆದವನು ಕ್ಯಾಮೆರಾವನ್ನು ಅಡ್ಡ ಹಿಡಿದಿದ್ದ. ಹೀಗಾಗಿ ಬೀಗದ ಕಾರ್ಖಾನೆಯ ಅರವತ್ತು ಮಂದಿಯೂ ಕಂಪ್ಯೂಟರಿನ ಪರದೆಯಲ್ಲಿ, ಊಟವಾದ ಮೇಲೆ ಉರುಳಿಕೊಂಡವರಂತೆ, ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಸಂಜೆ ಐದಕ್ಕೆ ಎಲ್ಲರ ಕುತ್ತಿಗೆಗೂ ಗುರುತಿನ ಕಾರ್ಡ್ ಬೀಳಬೇಕಿತ್ತು.

“ಒಂದೇ ಸಾಲು ಸಾರ್. ಕಮಾಂಡ್ ಹೊಡೆದ್ರೆ ಎಲ್ಲಾರೂ ಎದ್ದು ಕೂರ್ತಾರೆ,” ಎಂದ ಕಂಪ್ಯೂಟರ್ ಗುಮಾಸ್ತ, ಮ್ಯಾನೇಜರಿಗೆ.

ಆಫೀಸಿನಲ್ಲಿ ಅವನಿಗೆ ‘ಕಮಾಂಡ್’ ಎಂದೇ ಹೆಸರು. ಏನೇ ಕೆಲಸವಿದ್ದರೂ ಅಪ್ಪಣೆಯ ಸಾಲು ಟೈಪಿಸಿಯೇ ಕಂಪ್ಯೂಟರಿನಿಂದ ಮಾಡಿಸುವವನು; ಮೌಸ್ ಹಿಡಿದವರನ್ನು ಕಂಡರೆ ಅವನಿಗೆ ತಾತ್ಸಾರ. ಮೂರು ವರ್ಷದಿಂದ ಹಂಗಾಮಿ. ಕೆಲಸ ಖಾಯಂ ಆಗುವತನಕ ಮದುವೆಯ ಮಾತೆತ್ತಬೇಡ ಎಂದು ಭಾವೀ ಮಾವ ಖಡಾಖಂಡಿತವಾಗಿ ಹೇಳಿದ್ದರು. ಖಾಯಂ ಪತ್ರ ಮ್ಯಾನೇಜರ ಮೇಜಿನ ಮೇಲೆಯೇ ಇತ್ತು, ಸಹಿ ಮಾತ್ರ ಬಾಕಿ.

“ಕಾರ್ಡ್ ಕೊಡು, ಪತ್ರ ತಗೊಂಡ್ಹೋಗು,” ಎಂದಿದ್ದರು ಅವರು.

ಕಮಾಂಡ್ ಮೊದಲು ತನ್ನ ಫೋಟೋವನ್ನು ಫೋಲ್ಡರಿನಿಂದ ಹೊರಗೆ ತೆಗೆದಿಟ್ಟ. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ಕದ್ದು ಮೌಸಿನಿಂದಲೇ ಅದನ್ನು ಮುದ್ದಾಗಿ ನೆಟ್ಟಗೆ ಮಾಡಿದ. ಉಳಿದ ಐವತ್ತೊಂಬತ್ತು ಮೂತಿಗಳಿಗೆ ಅಷ್ಟು ಮುತುವರ್ಜಿ ಯಾಕೆ? ಇಡೀ ಫೋಲ್ಡರನ್ನು ತೊಂಬತ್ತು ಡಿಗ್ರಿ ತಿರುಗಿಸುವ ಸಾಲು ಟೈಪಿಸಿ ಎಂಟರ್ ಒತ್ತಿದ. ಮೂಲ ಫೋಟೋಗಳ ನಕಲು ಇಟ್ಟುಕೊಳ್ಳುವುದು ಪುಕ್ಕಲರ ಕೆಲಸ.

ಎಲ್ಲರೂ ತಿರುಗಿದರು, ತಪ್ಪು ದಿಕ್ಕಿಗೆ. ಐವತ್ತೊಂಬತ್ತು ಮಂದಿ ಬಾವಲಿಗಳಂತೆ ತಲೆಕೆಳಗಾಗಿ ಜೋತುಬಿದ್ದರು.

“ಅಯ್ಯೋ, ನಮ್ಮನ್ನೆಲ್ಲ ಕಾಲು ಹಿಡಿದು ನೇತುಹಾಕಿದೀಯಲ್ಲೋ!” ಎಂದು ಕೂಗಿದರು ಟೈಪಿಸ್ಟ್ ಅಕ್ಕ.

ಯಾವುದೂ ಗೊತ್ತಿಲ್ಲದ, ಆದರೆ ಎಲ್ಲದಕ್ಕೂ ಸಲಹೆ ಇಟ್ಟುಕೊಂಡಿದ್ದ ಸ್ಟೋರ್‌ಕೀಪರ್ ಬಂದರು. “ತಲೆ ಕೆಳಗಾದ್ರೆ ಮಗುಚಿಬಿಡಪ್ಪ. ಅದಕ್ಕೂ ಒಂದು ಕಮಾಂಡ್ ಇರಲೇಬೇಕಲ್ಲ?”

ಇತ್ತು. ಅರ್ಧ ಸುತ್ತು ತಿರುಗಿಸಬೇಕಾದಲ್ಲಿ ಅವನು ಮಗುಚಿದ. ತಲೆಗಳೇನೋ ಮೇಲೆ ಬಂದವು. ಆದರೆ ಎಡ ಬಲವಾಗಿ, ಬಲ ಎಡವಾಗಿ, ಕನ್ನಡಿಯಲ್ಲಿ ಕಂಡಂತೆ. ಅದು ಅವನ ಕಣ್ಣಿಗೆ ಬೀಳಲಿಲ್ಲ. ತನ್ನ ಫೋಟೋವನ್ನೂ ಫೋಲ್ಡರಿಗೆ ಸೇರಿಸಿ, ಅರವತ್ತನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿ, ಮ್ಯಾನೇಜರ ಕೋಣೆಗೆ ಒಯ್ದ. ಹಿಂದೆಯೇ ಅರ್ಧ ಆಫೀಸು ನುಗ್ಗಿತು.

“ಹುಟ್ಟಿದಾಗಿನಿಂದ ನಂದೊಂದು ಫೋಟೋ ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ,” ಎಂದರು ಅಕ್ಕ. “ಸ್ಟೋರಿನವರದ್ದು ಮಾತ್ರ ಯಾಕೋ ಸೊಟ್ಟ.”

“ನಂದು ಸರಿಯಾಗೇ ಇದೆಯಮ್ಮ. ನೀನೇ ನಿನ್ನ ನಾದಿನಿ ಥರ ಕಾಣ್ತಿದೀಯ.”

ತಮ್ಮ ಮುಖವನ್ನು ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ಮೆಚ್ಚಿಕೊಂಡವರು! ಪ್ರತಿಯೊಬ್ಬರಿಗೂ ತಮ್ಮದು ಅಂದ, ಪಕ್ಕದವರದು ವಕ್ರ.

“ಭೇಷ್! ಬೆಳಿಗ್ಗೆ ಶೇವ್ ಮಾಡ್ಕೊಳ್ಳೋವಾಗ ಕಾಣೋ ಮುಖ ಇದೇ ಕಣಯ್ಯ,” ಎಂದು ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. ನಿಬ್ಬು ಪತ್ರಕ್ಕೆ ತಾಗುವಷ್ಟರಲ್ಲಿ ಕೈ ನಿಂತಿತು. “ಅಲ್ಲಾ, ಎಲ್ಲರ ಯೂನಿಫಾರ್ಮಿನ ಜೇಬೂ ಒಂದು ಕಡೆ, ನಿಂದೊಂದೇ ಇನ್ನೊಂದು ಕಡೆ ಯಾಕಿದೆ?”

ಕಮಾಂಡ್ ತನ್ನ ಎದೆ ಮುಟ್ಟಿ ನೋಡಿಕೊಂಡ. ಜೇಬು ಎಡಕ್ಕೇ ಇತ್ತು. ಹಾಳೆಯಲ್ಲಿ ಸರಿಯಾಗಿದ್ದದ್ದು ಅವನೊಬ್ಬನೇ! ನಿಜ ಹೇಳಿದರೆ ಪತ್ರ ಹೋಯಿತು.

“ಸಣ್ಣ ತಪ್ಪು ಸಾರ್. ಒಂದೇ ಸಾಲು.”

“ನಿಂದೊಂದು ಸರಿ ಮಾಡ್ಕೊಂಡು ಕಾರ್ಡ್ ತಗೊಂಡ್ಬಾ.”

ಐದಕ್ಕೆ ಹತ್ತು ನಿಮಿಷ. ಮೌಸಿನಿಂದ ತನ್ನೊಂದು ಫೋಟೋ ಮಗುಚಿದ್ದರೆ ಮುಗಿಯುತ್ತಿತ್ತು. ಆದರೆ ಅಕ್ಕ, ಸ್ಟೋರ್‌ಕೀಪರ್ ಇಬ್ಬರೂ ಕುರ್ಚಿಯ ಬೆನ್ನಿಗೇ ನಿಂತಿದ್ದರು. ಅವರೆದುರು ಮೌಸ್ ಹಿಡಿಯುವುದೇ? ಎಡಬಲ ಮಗುಚುವ ಸಾಲನ್ನು ಟೈಪಿಸಿದ, ಅಭ್ಯಾಸಬಲದಿಂದ ಇಡೀ ಫೋಲ್ಡರಿಗೇ. ಪರದೆಯತ್ತ ನೋಡದೆ ಪ್ರಿಂಟ್ ಒತ್ತಿದ.

ಐದಕ್ಕೆ ಕಾರ್ಡ್ ಹಂಚಿದರು.

“ಇದ್ಯಾರೋ?” ಎಂದರು ಅಕ್ಕ. “ನನ್ನ ಮೂಗು ಯಾವಾಗ ಹೀಗೆ ವಾಲಿತು?” ಎಂದರು ಸ್ಟೋರ್‌ಕೀಪರ್. ಜೇಬು ಬಲಕ್ಕೆ ಹಾರಿದ್ದದ್ದು ಈಗ ಒಬ್ಬನದೇ, ಕಮಾಂಡನದು.

ಮ್ಯಾನೇಜರು ತಮ್ಮ ಕಾರ್ಡನ್ನು ಹತ್ತಿರ ಹಿಡಿದರು, ದೂರ ಹಿಡಿದರು. “ಏನಯ್ಯಾ, ನಿಂದೊಂದು ಸರಿ ಮಾಡು ಅಂದ್ರೆ ನಮ್ಮೆಲ್ಲರ ಮುಖ ಕೆಡಿಸಿಟ್ಟಿದೀಯಲ್ಲ?”

ಗಾಬರಿಯಲ್ಲಿ ಕಮಾಂಡ್ ಆ ದಿನದ ಮೊದಲ ನಿಜ ಹೇಳಿಬಿಟ್ಟ. “ಸಾರ್, ಈಗಲೇ ಸರಿ ಇರೋದು. ಬೇರೆಯವರಿಗೆ ನೀವು ಕಾಣೋದು ಹೀಗೇ.”

ಮ್ಯಾನೇಜರು ಪೆನ್ನಿಗೆ ಮುಚ್ಚಳ ಹಾಕಿದರು. ಖಾಯಂ ಪತ್ರ ಡ್ರಾಯರಿನೊಳಗೆ ಹೋಯಿತು, ಬೀಗ ಬಿತ್ತು. ಕಾರ್ಖಾನೆಯದೇ ಬೀಗ, ಗಟ್ಟಿ ಮಾಲು.

ಉಳಿದವರೆಲ್ಲ ಫೋಟೋ ಎದೆಗೆ ತಾಗುವಂತೆ ಕಾರ್ಡನ್ನು ಮಗುಚಿ ತೊಟ್ಟುಕೊಂಡು ಮನೆಗೆ ಹೊರಟರು. ಅದಕ್ಕೆ ಒಬ್ಬರಿಗೂ ಕಮಾಂಡ್ ಬೇಕಾಗಲಿಲ್ಲ.